ಮ್ಯಾಲಿನ ಪ್ಲಾಟಿನ ತೊಂಬತ್ತು ಗಿಡ

ಜನವರಿ 6, 2025. ಸೋಮವಾರ, ಮುಂಜಾನೆ 11

ಸೋಮವಾರದ ಗಿಡ ನೋಡೂ ಸುತ್ತು ಮುಗೀತು. ಅಂದ್ರ ಕೆಳಗಿನ ಪ್ಲಾಟಿಂದು ಮುಗೀತು. ಮ್ಯಾಲಿಂದು ಎಂದಿನಂಗ ಬೆಂಚಿನ ಮ್ಯಾಲ ಕುಂತು ಬರದೆ.

ಎಪ್ಪತ್ತೆರಡು ಮೆಟ್ಟಲ. ಹತ್ತೂದು ಹೆಂಗರ ಹತ್ತಬಹುದು, ಇಳಿಯೂದು ಆಗಂಗಿಲ್ಲ. ಬಲಗಾಲ ಮೊಣಕಾಲಿನ್ಯಾಗ ಏನೋ ಕಟ್ ಅಂತೈತಿ, ಆಮ್ಯಾಲ ಕಣ್ಣಾಗ ನೀರು. ಮೂರು ವರ್ಷ ಆತು. ಡಾಕ್ಟರ್ ಆಪರೇಶನ್ ಅಂದಾರ. ನಾನು ಆಮ್ಯಾಲ ಅಂದೇನಿ.

ಬರಿಯೂ ಪದ್ಧತಿ ಈಗ ಸಲೀಸಾಗೇತಿ. ಹೋದ ವರ್ಷದ ರಿಜಿಸ್ಟರ್ ಬಾಜೂಕ ಇಟ್ಕೊಳ್ಳೂದು. ಇದ ವಾರ 121ನೇ ನಂಬರಿನ ಬೂರಲ ಏನಿತ್ತು — ಎಲಿ ಇಲ್ಲ, ಮಗ್ಗಿ. ಇಳಿಸೂದು. 122 ಮತ್ತಿ — ಹಳೇ ಎಲಿ. ಇಳಿಸೂದು. ಯಾರಿಗೂ ಸಂಶೇ ಬರಬಾರದಂತ ಹತ್ತು ಗಿಡಕ್ಕ ಒಂದು ಗಿಡ, ಒಂದು ವಾರ ಹಿಂದ-ಮುಂದ ಮಾಡೂದು. ತೊಂಬತ್ತು ಗಿಡ, ನಲವತ್ತು ನಿಮಿಷ. ನಡುವ ಚಹಾನೂ ಆಗತೈತಿ.

ಯಾರು ನೋಡ್ತಾರ? ಹದಿನೆಂಟು ವರ್ಷದಾಗ ಆ ರಿಜಿಸ್ಟರ್ ತಗದು ನೋಡಿದ್ದು ಗೆದ್ದಲ ಒಂದ.

ಮಾಳಪ್ಪ ಕಾಕಾ ಇದ್ದಿದ್ರ ಪೆನ್ನು ಕಸ್ಕೊಂತಿದ್ದ. ಈ ತ್ವಾಟದ ಹಿರೇ ಮಾಲಿ ಅಂವ. 2007ರಾಗ ನಾ ಇಲ್ಲಿ ಸೇರಿದಾಗ ಈ ಕೆಲಸ ಕಲಿಸಿದಾಂವ. ಗಿಡದ ಬುಡಕ್ಕ ನಿಂದ್ರಬೇಕು. ಒಂದು ಸುತ್ತು ಹಾಕಬೇಕು. ನಾಲ್ಕೂ ದಿಕ್ಕಿನ ಟೊಂಗಿ ನೋಡಬೇಕು. ಆಮ್ಯಾಲ ಪೆನ್ನಿನ ಟೊಪಗಿ ತಗೀಬೇಕು. ಹೋಗಾಕ ಆಗಲಿಲ್ಲಂದ್ರ ಆ ವಾರ ಖಾಲಿ ಬಿಡಬೇಕು. ನೋಡಲಾರದ್ದು ಬರದ್ರ ಗಿಡಕ್ಕ ಮೋಸ ಅಂತಿದ್ದ. ತೀರಿಕೊಂಡು ಆರು ವರ್ಷ ಆತು. ಪುಣ್ಯಾತ್ಮ, ಇದನ್ನ ನೋಡಲಿಲ್ಲ.

ಜನವರಿ 13, ಸೋಮವಾರ

ತ್ವಾಟದ ಆಫೀಸರ್ ಚನ್ನವೀರಪ್ಪ ಸಾಹೇಬ್ರು ಆಫೀಸಿಗೆ ಕರದ್ರು. ಪ್ಲಾಸ್ಟಿಕ್ ಆರಿಸಿಲ್ಲಂತ ಬೈತಾರೇನೋ ಅಂದ್ಕೊಂಡು ಹೋದೆ. ನಗಾಕತ್ತಿದ್ರು. ಅದ ಹೆದರಿಕಿ.

ಯೂನಿವರ್ಸಿಟಿಯಿಂದ ಪತ್ರ ಬಂದೈತಂತ. ಸವಣೂರಿನ ಹುಡುಗಿ ಒಬ್ಬಾಕಿ, ಪಿಎಚ್‌ಡಿ ಮಾಡಾಕತ್ಯಾಳ. ಬಿಸಲು ಹೆಚ್ಚಾದಂಗ ನಮ್ಮ ಕಾಡುಗಿಡ ಹೂ ಬಿಡೂ ಕಾಲ ಬದಲಾಗೇತೇನು ಅಂತ ನೋಡಬೇಕಂತ. ಅದಕ್ಕ ಮ್ಯಾಲಿನ ಪ್ಲಾಟಿನ ರಿಜಿಸ್ಟರ್ ಬೇಕಂತ. ಹದಿನೆಂಟು ವರ್ಷದ್ದೂ.

"ಸಂಘಮಿತ್ರಾ, ನಮ್ಮ ಹಾನಗಲ್ಲಿಗೆ ಹೆಸರು ಬರ್ತೈತಿ ನೋಡವಾ" ಅಂದ್ರು. ಹೂಂ ಅಂದೆ. ಹೊರಗ ಬಂದು ನಳದ ಬುಡಕ ಕುಂತೆ. 

ನಾಳೆ ಸಂಕ್ರಮಣ. ತ್ವಾಟದ ತುಂಬ ಮಂದಿ ಬುತ್ತಿ ಕಟಗೊಂಡು ಬರ್ತಾರ. ನಾಡಿದ್ದು ನಾನು ಪ್ಲಾಸ್ಟಿಕ್ ಆರಿಸೂದು.

ಜನವರಿ 22, ಬುಧವಾರ

ಬಂದ್ಲು. ಮೃಣಾಲಿನಿ ಅಂತ ಹೆಸರು. ಸವಣೂರಿನ ಆಚಾರ್ರ ಮನಿ ಹುಡುಗಿ. ಸಣ್ಣಾಕಿ, ಇಪ್ಪತ್ತೇಳೋ ಇಪ್ಪತ್ತೆಂಟೋ. ಬೆನ್ನಿಗೆ ದೊಡ್ಡ ಬ್ಯಾಗು. ಬಂದಾಕಿನ ಕಾಲಿಗೆ ಬಿದ್ಲು — ನನ್ನ ಕಾಲಿಗೆ! ನಮ್ಮಂಥವರ ಕಾಲಿಗೆ ಬಿದ್ದದ್ದು ಆಕಿ ಅಜ್ಜಿ ನೋಡಿದ್ರ ಏನಂತಿದ್ಲೋ. ಬ್ಯಾಡವಾ ಬ್ಯಾಡವಾ ಅಂದೆ.

ಕಪಾಟಿನಿಂದ ಹದಿನೆಂಟು ರಿಜಿಸ್ಟರ್ ತಗದು ಟೇಬಲ್ ಮ್ಯಾಲ ಇಟ್ಟೆ. ಹಾಳಿ ತಿರುವಿ ಒಂದೊಂದ ಮೊಬೈಲಿನ್ಯಾಗ ಫೋಟೋ ಹೊಡದ್ಲು. ಸಂಜೀತನ. ಊಟಕ್ಕ ಏಳಲಿಲ್ಲ.

"ಅಕ್ಕಾ, ಇಂಥಾದ್ದು ನಾ ಎಲ್ಲೂ ನೋಡಿಲ್ರಿ. ಒಬ್ಬರ ಕೈಲಿಂದ ಹದಿನೆಂಟು ವರ್ಷ! ಹೆಂಗ ಮಾಡಿದ್ರಿ?"

ಹೆಂಗ ಮಾಡಿದೆ ಅಂತ ಹೇಳಲಿ. ಚಹಾ ತಗೋ ತಂಗಿ ಅಂದೆ.

ಫೆಬ್ರವರಿ 3, ಸೋಮವಾರ

ಆಕಿ ಒಬ್ಬಾಕಿನ ಮ್ಯಾಲೆ ಹೋಗಿ ಬಂದ್ಲು. ನಾ ಕೆಳಗ. ಇಳಿದು ಬಂದು ರಿಜಿಸ್ಟರ್ ನೋಡಿದ್ಲು.

"ಅಕ್ಕಾ, ಬೂರಲ ಪೂರಾ ಕೆಂಪಾಗಿ ನಿಂತದ. ನೆಲಾನೂ ಕೆಂಪಾಗ್ಯದ. ನೀವು ಮಗ್ಗಿ ಅಂತ ಬರದೀರಲ್ಲಾ?"

"ನಾ ನೋಡೂ ಮುಂದ ಮಗ್ಗೀನ ಇತ್ತವಾ. ಬಿಸಲಿಗೆ ಜಲ್ದಿ ಒಡದಿರಬೇಕು."

ಬಾಯಿಗೆ ಹೆಂಗ ಬಂತು ಆ ಮಾತು, ತಡಾ ಇಲ್ಲದ! ಆಕಿ ನಂಬಿದ್ಲು. ನನ್ನ ಕಾಲು ನೋಡಿ, ಈ ವರ್ಷದ್ದು ನಾನ ನೋಡ್ತೀನ್ರಿ, ನೀವು ಮೆಟ್ಟಲ ಹತ್ತಬ್ಯಾಡ್ರಿ ಅಂದ್ಲು. ಅಷ್ಟು ಮಾಯಾ-ಪ್ರೀತಿ ಮಾಡಬಾರದು ಯಾರೂ.

ಫೆಬ್ರವರಿ 11

ಕಾಲು ಬಾತೇತಿ. ಗುತ್ತೆಪ್ಪ ಎಣ್ಣಿ ತಿಕ್ಕಿದ. "ಟೆಂಪೋದ ಟಾಯರ್ ಬದಲಿ ಮಾಡ್ಬಹುದು, ಹೇಂತಿ ಮೊಣಕಾಲು ಬದಲಿ ಮಾಡಾಕ ಆಗವಲ್ದು" ಅಂದ. ನಗು ಬರಲಿಲ್ಲ.

ಫೆಬ್ರವರಿ 26, ಬುಧವಾರ

ಮುತ್ತಗ ಹೂ ಹತ್ಯಾವಂತ ಮ್ಯಾಲೆ. ಕೆಳಗ ನಿಂತ್ರನೂ ಟೊಂಗಿ ಕಾಣ್ತಾವ, ಗುಡ್ಡಕ್ಕ ಬೆಂಕಿ ಬಿದ್ದಂಗ. ಮದಲ ಮಾರ್ಚ್ ನಡುವ ಆಗ್ತಿತ್ತು ಇದು. ಹೋಳಿಗೆ ಹುಡುಗ್ರು ಬಂದು ಹೂ ಕಿತ್ತು ಬಣ್ಣ ಕುದಸ್ತಿದ್ರು, ಕಾಕಾ ಬಡಿಗಿ ಹಿಡದು ಬೆನ್ನ ಹತ್ತತಿದ್ದ. ಈ ಸಲ ಹೋಳಿ ಬರೂದ್ರಾಗ ಒಂದ ಹೂವೂ ಉಳಿಯಂಗಿಲ್ಲ.

ಖರೇನ ಬದಲಾಗಾಕತ್ತೈತಿ ಹಂಗಾರ. ಈ ಮೂರು ವರ್ಷ ಕುಂತ ಜಾಗಾ ಬಿಟ್ಟು ಎದ್ದಿದ್ರ ನನಗ ಮದಲ ಗೊತ್ತಾಗ್ತಿತ್ತು.

ಸಾಹೇಬ್ರು ಬೋರ್ಡ್ ಮಾಡ್ಸಾಕ ಹಾಕ್ಯಾರಂತ, ಗೇಟಿಗೆ.

ಮಾರ್ಚ್ 10, ಸೋಮವಾರ. ಮಧ್ಯಾಹ್ನ 3

ಮೃಣಾಲಿನಿ ಲ್ಯಾಪ್‌ಟಾಪ್ ತಂದು ಬೆಂಚಿನ ಮ್ಯಾಲ ಬಿಚ್ಚಿದ್ಲು. ಹದಿನೆಂಟು ವರ್ಷ, ಒಂದ ಪರದೇದ ಮ್ಯಾಲ. ಸಣ್ಣ ಸಣ್ಣ ಚೌಕ. ಬರದ ವಾರ ಹಸರು, ಖಾಲಿ ವಾರ ಕೆಂಪು. 2007ರಿಂದ 2021ತನಕ ಹಸರಿನ ನಡುವ ಅಲ್ಲಲ್ಲೆ ಕೆಂಪು. ಆಮ್ಯಾಲ ಮೂರು ವರ್ಷ ಹಸರು, ಬರೇ ಹಸರು.

"ಹಳೇ ಹದಿನೈದು ವರ್ಷದಾಗ ಗ್ಯಾಪ್ ಭಾಳ ಅದಾವ ಅಕ್ಕಾ. ಈ ಮೂರು ವರ್ಷ ಒಂದ ವಾರನೂ ತಪ್ಪಿಲ್ಲ. ಅದಕ್ಕ ಗೈಡ್ ಸರ್ ಏನಂದ್ರು, ಈ ಮೂರು ವರ್ಷಕ್ಕ ಎ ಗ್ರೇಡ್ ಕೊಡು, ಹಳೇದು ಬಿಟ್ಟುಬಿಡು, ಅದರ ಮ್ಯಾಲ ಭರೋಸಾ ಇಡ್ಲಿಕ್ಕೆ ಬರಂಗಿಲ್ಲ ಅಂತ."

ಬಿಟ್ಟುಬಿಡೂದು? ಏನು ಬಿಟ್ಟುಬಿಡೂದು?

ಆಕಿ ನನ್ನ ಮಾರಿ ನೋಡಿ, ಕಾಲು ನೋವೇನ್ರಿ ಅಂದ್ಲು. ಹೌದು ಅಂದೆ.

ಮಾರ್ಚ್ 11. ಮುಂಜಾನೆ 6

ಸಿಟ್ಟು ಬರಾಕತ್ತೈತಿ. ಯಾರ ಮ್ಯಾಲ ಅಂತ ಗೊತ್ತಾಗವಲ್ದು.

ಕೆಂಪು ಚೌಕ ಅಂದ್ರ ಏನಂತ ಆ ಗೈಡ್‌ಗೆ ಗೊತ್ತೈತೇನು? 2009ರಾಗ ಕಾಮಣಿ ಆಗಿ ನಾಲ್ಕು ವಾರ ಮಲಗಿದ್ದೆ, ನಾಲ್ಕು ಕೆಂಪು. 2016ರಾಗ ಮಳಿ ಹೊಡದು ಮೆಟ್ಟಲ ಕೊಚ್ಚಿ ಹೋಗಿದ್ವು, ಎರಡು ಕೆಂಪು. ಲಾಕ್‌ಡೌನ್‌ದಾಗ ಗೇಟಿಗೆ ಕೀಲಿ ಹಾಕಿದ್ರು, ಏಳೋ ಎಂಟೋ ಕೆಂಪು. ಹೋಗಲಿಲ್ಲ, ಬರೀಲಿಲ್ಲ. ಹೋದ ವಾರ ಎಲ್ಲಾ ನನ್ನ ಕಾಲಲೇ ಹೋಗೇನಿ. ಬ್ಯಾಸಗ್ಯಾಗ ಹರಕ ಚಪ್ಪಲಿ ಹಾಕ್ಕೊಂಡು ಹೋಗೇನಿ, ಮಳಿಗಾಲದಾಗ ಗೊಬ್ಬರದ ಚೀಲ ತಲಿ ಮ್ಯಾಲ ಹಾಕ್ಕೊಂಡು ಹೋಗೇನಿ. ಹಾವು ನೋಡೇನಿ, ಕಣಜಿ ಕಡದಾವ. ಹದಿನೈದು ವರ್ಷ.

ಅದು ಕಸ. ಕುಂತು ಬರದದ್ದು ಎ ಗ್ರೇಡ್.

ಸುಮ್ಮನಿದ್ರ ನನಗೇನೂ ಆಗಂಗಿಲ್ಲ. ನನ್ನ ಹೆಸರು ಬರ್ತೈತಿ, ಬೋರ್ಡ್ ಬರ್ತೈತಿ. ಆದ್ರ ಖರೇ ಮಾಡಿದ ಕೆಲಸ ಒಂದೂ ಉಳಿಯಂಗಿಲ್ಲ. ಬ್ಯಾರೆ ಏನು ಮಾಡೇನಿ ನಾನು ಜೀವನದಾಗ? ಇದೊಂದ ಮಾಡೇನಿ.

ಹೇಳಬೇಕು.

ಮಾರ್ಚ್ 17, ಸೋಮವಾರ

ಹೇಳಲಿಲ್ಲ. ಮೃಣಾಲಿನಿ ಬಂದಾಗನ ಬೋರ್ಡೂ ಬಂತು. ಹಸರು ಬಣ್ಣ, ಹಳದಿ ಅಕ್ಷರ: "18 ವರ್ಷಗಳ ಅಖಂಡ ದಾಖಲೆ ಹೊಂದಿರುವ ಸಸ್ಯೋದ್ಯಾನ." ಸಾಹೇಬ್ರು ನನ್ನ ಬಾಜೂಕ ನಿಂತು ಫೋಟೋ ತಗಸಿದ್ರು. ನಗವಾ ಅಂದ್ರು. ನಕ್ಕೆ.

ಹೊಂಗಿ ಹೊಸಾ ಎಲಿ ಬಿಟ್ಟೇತಿ ಕೆಳಗ. ಎಣ್ಣಿ ಹಚ್ಚಿದಂಗ ಮಿಂಚತಾವ. ಇದು ನಾ ನೋಡಿದ್ದು.

ಮಾರ್ಚ್ 24, ಸೋಮವಾರ

ಹೇಳಿದೆ.

ಬೆಂಚಿನ ಮ್ಯಾಲ ಕುಂತಿದ್ವಿ. ಆಕಿ ಮಂಡಕ್ಕಿ ತಂದಿದ್ಲು. ಎರಡು ಮುಕ್ಕು ತಿಂದೆ. ಆಮ್ಯಾಲ ಅಂದೆ — ತಂಗಿ, ನಿನ್ನ ಎ ಗ್ರೇಡಿನ ಮೂರು ವರ್ಷ ಸುಳ್ಳು. ಮ್ಯಾಲಿನ ಪ್ಲಾಟಿಗೆ ನಾ ಹೋಗೇ ಇಲ್ಲ. ಇಲ್ಲೆ ಕುಂತು ಹಿಂದಿನ ವರ್ಷದ್ದು ಇಳಿಸೇನಿ. ಆ ಕೆಂಪು ಚೌಕ ಅದಾವಲ್ಲಾ, ಅವು ಇದ್ದ ಹದಿನೈದು ವರ್ಷನ ಖರೇವು.

ಮಂಡಕ್ಕಿ ಕೈಯಾಗ ಹಂಗ ಉಳೀತು ಆಕೀದು. 

"ಎರಡು ತಿಂಗಳಾತ್ರಿ ನಾ ಇಲ್ಲಿ ಬರ್ಲಿಕ್ಕೆ ಹತ್ತಿ. ಮೊದಲನೇ ದಿನಾನ ಹೇಳಬಾರದಿತ್ತೇನ್ರಿ?"

"ನಾಚಿಗಿ ಆತು."

"ಈಗ?"

"ಈಗೂ ಆಗೇತಿ. ಆದ್ರ ನೀವು ಖರೇದನ್ನ ತಗದು ಒಗಿಯಾಕತ್ತೀರಿ."

ಕಣ್ಣೀರು ಬಂತು. ಐವತ್ತಮೂರು ವರ್ಷದಾಕಿ, ಇಷ್ಟುದ್ದ ಹುಡುಗಿ ಮುಂದ. ಆಕಿ ನನ್ನ ಕೈ ಹಿಡೀಲಿಲ್ಲ. ಹಿಡದಿದ್ರ ಛಲೋ ಆಗ್ತಿತ್ತು. "ಯಾವ ದಿನದಿಂದ ಸುಳ್ಳು, ಅದನ್ನ ಬರೋಬ್ಬರಿ ಹೇಳ್ರಿ" ಅಂತಷ್ಟ ಅಂದು ಬಸ್ಸಿಗೆ ಹೋದ್ಲು.

ಮಾರ್ಚ್ 25

ಸಿಕ್ತು ದಿನ. 2022ರ ಫೆಬ್ರವರಿ 14, ಸೋಮವಾರ. ಅದ ಕಡೀ ಸುತ್ತು. ನೆನಪೈತಿ, ಅವತ್ತು ಪ್ರೇಮಿಗಳ ದಿನ, ಮ್ಯಾಲೆ ಎರಡು ಜೋಡಿ ಶಿವನಿ ಗಿಡದ ಮರೀಗೆ ಕುಂತಿದ್ವು, ನಾ ಕೆಮ್ಮಿಕೋತ ಹೋಗಿದ್ದೆ. ಅದರ ಮರುವಾರನ ಮೆಟ್ಟಲ ಮ್ಯಾಲ ಬಿದ್ದದ್ದು. ಆ ದಿನದ ಕೆಳಗ ಕೆಂಪು ಪೆನ್ನಲೆ ಗೆರಿ ಎಳದೆ. "ಇಲ್ಲಿಂದ ನೋಡಿಲ್ಲ" ಅಂತ ಬರದು ಸಹಿ ಹಾಕಿದೆ.

ಸಾಹೇಬ್ರಿಗೂ ನಾನ ಹೇಳಿದೆ. ಬ್ಯಾರೆಯವರ ಬಾಯಿಂದ ಬ್ಯಾಡ ಅಂತ. ಒದರಿದ್ರು. ಆಫೀಸಿನ ಗುಬ್ಬಿ ಎಲ್ಲಾ ಹಾರಿದ್ವು. "ಕುಂತು ಮಾಡೂ ಕೆಲಸ ಬೇಕಿತ್ತಲ್ಲಾ ನಿನಗ? ತಗೋ" ಅಂದು ನರ್ಸರಿಗೆ ಹಾಕಿದ್ರು. ಮಳಿಗಾಲದ ಸಸಿಗೆ ಪಾಕೀಟಿನ್ಯಾಗ ಮಣ್ಣು ತುಂಬೂದು. ರಿಜಿಸ್ಟರ್ ಕಪಾಟಿನ ಕೀಲಿ ಕಸ್ಕೊಂಡ್ರು.

ಬೋರ್ಡ್ ತಗಿಸಲಿಲ್ಲ. "ಅಖಂಡ" ಅನ್ನೂದಕ್ಕಷ್ಟ ಹಸರು ಬಣ್ಣ ಬಳಿಸ್ಯಾರ. ಈಗ "18 ವರ್ಷಗಳ" ಆದ ಮ್ಯಾಲ ಒಂದು ಗೇಣು ಜಾಗಾ ಬಿಟ್ಟು "ದಾಖಲೆ". ಥೂ.

ಏಪ್ರಿಲ್ 2, ಬುಧವಾರ

ಮೃಣಾಲಿನಿ ಫೋನ್ ಮಾಡಿದ್ಲು. ಗೈಡ್ ಸರ್‌ಗೆ ಎಲ್ಲಾ ಹೇಳಿದ್ಲಂತ. ಅವರು ಹದಿನೆಂಟೂ ವರ್ಷ ತಗದು ಹಾಕು ಅಂದ್ರಂತ. ಮೂರು ವರ್ಷ ಸುಳ್ಳು ಬರದಾಕಿ ಮೊದಲಿನ ಹದಿನೈದು ವರ್ಷ ಖರೇ ಬರದಾಳಂತ ಯಾರು ನಂಬಬೇಕು? ಸಾಕ್ಷಿ ಏನೈತಿ?

ಸಾಕ್ಷಿ. ತೊಂಬತ್ತು ಗಿಡ ಅದಾವ ಸಾಕ್ಷಿ. ಅವಕ್ಕ ಬಾಯಿ ಇಲ್ಲ.

ಹೇಳಬಾರದಿತ್ತೇನೋ.

ಏಪ್ರಿಲ್ 7, ಸೋಮವಾರ

ಇನ್ನೂರು ಪಾಕೀಟು. ಉಗುರಿನ್ಯಾಗ ಕೆಮ್ಮಣ್ಣು.

ನರ್ಸರಿ ಮುಂದನ ಮ್ಯಾಲಿನ ಪ್ಲಾಟಿಗೆ ಹೋಗೂ ದಾರಿ. ಒಂದು ಜೋಡಿ ಹೋತು, ಹುಡುಗಿ ಹಳದಿ ಸೀರಿ, ಹುಡುಗ ಕೋಟು. ಹಿಂದಿಂದ ಬಂದೇಸಾಬ, ಕೊಳ್ಳಾಗ ಎರಡು ಕ್ಯಾಮೆರಾ, ಕೈಯಾಗ ಬಿಳಿ ಛತ್ರಿ. ಬಸ್‌ಸ್ಟ್ಯಾಂಡ್ ಹಿಂದ ಸ್ಟುಡಿಯೋ ಅಂವಂದು. ಕಕ್ಕಿ ಹೂ ಇಳಿಬಿದ್ದಾವಂತ ಮ್ಯಾಲೆ, ಪ್ರೀ-ವೆಡ್ಡಿಂಗ್ ಶೂಟು.

"ಏನ್ ಬೆಹೆನ್, ಗಿಡ ಬಿಟ್ಟು ಮಣ್ಣಿಗೆ ಬಂದ್ರಿ? ಈ ವರ್ಷ ಕಕ್ಕಿ ಭಾರೀ ಜಲ್ದಿ ಆತು ನೋಡ್ರಿ. ಮದಲ ನಮ್ಮ ಸೀಸನ್ನು ಏಪ್ರಿಲ್ ಕಡೀಕ ಇರ್ತಿತ್ತು."

"ಎಷ್ಟು ವರ್ಷಾತು ಬಂದೇಸಾಬಣ್ಣ ನೀ ಇಲ್ಲೆ ಫೋಟೋ ತಗಿಯಾಕತ್ತಿ?"

"ಡಿಜಿಟಲ್ ಕ್ಯಾಮೆರಾ ತಗೊಂಡಾಗಿಂದ. 2008. ನಿಮ್ಮ ಮ್ಯಾಲಿನ ಪ್ಲಾಟಿನ್ಯಾಗ ಅರ್ಧಾ ಹಾನಗಲ್ಲಿನ ಲಗ್ನದ ಆಲ್ಬಂ ಆಗೇತಿ."

ಮಣ್ಣಿನ ಬುಟ್ಟಿ ಕೆಳಗಿಟ್ಟೆ.

ಫೋಟೋದ ಒಳಗ ತಾರೀಖು ಇರ್ತೈತಿ. ಜೋಡಿ ಹಿಂದ ಗಿಡ ಇರ್ತೈತಿ. ಗಿಡಕ್ಕ ತಗಡಿನ ನಂಬರ್ ಇರ್ತೈತಿ.

ಏಪ್ರಿಲ್ 9

ಮೃಣಾಲಿನಿಗೆ ಫೋನ್ ಹಚ್ಚಿ ಬಂದೇಸಾಬನ ಫೋಟೋದ ಮಾತು ಹೇಳಿದೆ. "ಅಕ್ಕಾ, ಇದು ನನ್ನ ತಲ್ಯಾಗ ಯಾಕ ಬರಲಿಲ್ರಿ!" ಅಂತ ಫೋನಿನ್ಯಾಗನ ಚೀರಿದ್ಲು. ಮಾತಿನ್ಯಾಗ ಮೊದಲಿನ ಪ್ರೀತಿ ಬಂತು. ಗೈಡ್‌ಗೆ ಕೇಳ್ಯಾಳ. ಹೂಂ ಅಂದಾರ. ಆದ್ರ ಒಂದು ಕರಾರು — ಫೋಟೋ ನೋಡೂ ಮುಂದ ನಾ ಇರಬಾರದು. ಗಿಡ ಯಾವ ಸ್ಥಿತ್ಯಾಗೈತಿ ಅಂತ ಆಕಿ ಬರಕೊಳ್ಳೂದು, ಆಮ್ಯಾಲ ರಿಜಿಸ್ಟರ್ ಜೋಡಿ ತಾಳಿ ನೋಡೂದು.

ಸರಿ ಐತಿ. ನನ್ನ ಮ್ಯಾಲ ಭರೋಸಾ ಇಲ್ಲ. ಇರಬಾರದು ಖರೇ.

ಏಪ್ರಿಲ್ 14, ಸೋಮವಾರ. ಜಯಂತಿ

ರಜಾ. ಓಣ್ಯಾಗ ಮೆರವಣಿಗಿ. ನೀಲಿ ಧ್ವಜ, ಡಿಜೆ. ಬಿಳಿ ಸೀರಿ ಉಟ್ಟು ಭವನದ ಕಟ್ಟಿ ಮ್ಯಾಲ ಕುಂತೆ, ನಡಿಯಾಕ ಆಗಲಿಲ್ಲ. ಭಾಷಣದಾಗ ಓದು, ಬರಿ ಅಂತ ಹೇಳಾಕತ್ತಿದ್ರು. ಬರದದ್ದಕ್ಕನ ಹಿಂಗಾಗೇತಲ್ಲಪಾ ಅನಿಸ್ತು.

ಬಂದೇಸಾಬ ಪೆಟ್ಟಿಗಿಯಿಂದ ಆರು ಹಾರ್ಡ್ ಡಿಸ್ಕ್ ತಗದು ಮೃಣಾಲಿನಿಗೆ ಕೊಟ್ಟಾನಂತ. ಒಂದು ಚಾಲೂನ ಆಗವಲ್ದಂತ. ಆದದ್ದರಾಗ ಮದಿಮಕ್ಕಳ ಹಿಂದ ಗಿಡ, ನಂಬರ್ ಎರಡೂ ಸ್ಪಷ್ಟ ಕಾಣೂವು ಅರವತ್ತೊಂದು ಫೋಟೋ ಅಂತ. ಉಳದದ್ದರಾಗ ಬರೇ ಮದಿಮಗಳ ಮೂಗುತಿ.

ಮೇ 12, ಸೋಮವಾರ. ಬುದ್ಧ ಪೂರ್ಣಿಮಾ

ಒಂದು ತಿಂಗಳು ಏನೂ ಬರೀಲಿಲ್ಲ. ಬರಿಯಾಕ ಏನೂ ಇರಲಿಲ್ಲ. ಪಾಕೀಟು, ಮಣ್ಣು, ನೀರು. ನಾಲ್ಕು ಸಾವಿರದ ಮುನ್ನೂರು ಸಸಿ.

ಕೆಳಗ ಗುಲ್‌ಮೊಹರ ಕೆಂಪಾಗೇತಿ. ಮಂದಿ ಬರ್ತಾರ, ಸೆಲ್ಫಿ ತಗೋತಾರ, ಹೋಗ್ತಾರ. ಬ್ಯಾಸಗಿ ಸೂಟಿ. ಕೊಳದ ಕಮಲ ಹರದು ಹಾಕ್ಯಾರ. ಬೈಯಾಕೂ ತ್ರಾಣ ಇಲ್ಲ.

ಮೃಣಾಲಿನಿ ಮುಂದಿನ ವಾರ ಹೇಳ್ತೀನಿ ಅಂದಾಳ. ಹದಿನೈದು ವರ್ಷ ನಿಂತ್ರ ಪ್ರಬಂಧದ ಕಡೀಕ ಧನ್ಯವಾದ ಅಂತ ಒಂದು ಹಾಳಿ ಇರ್ತೈತಂತ, ನಿಮ್ಮ ಹೆಸರು ಹಾಕ್ತೀನಿ ಅಂದ್ಲು. ನಂದು ಬ್ಯಾಡ ಅಂದೆ. ಮಾಳಪ್ಪ ಕಾಕಾಂದು ಹಾಕು. ನೋಡಲಾರದ್ದು ಬರೀಬ್ಯಾಡ ಅಂದಾಂವ ಅಂವ. ನಾನು ಅಂವನ ಮಾತು ಮುರದಾಕಿ.

ಮೇ 19, ಸೋಮವಾರ. ಮಧ್ಯಾಹ್ನ 12

ಐವತ್ತೆಂಟು!

ಅರವತ್ತೊಂದರಾಗ ಐವತ್ತೆಂಟು ಬರೋಬ್ಬರಿ ಕೂಡ್ಯಾವ. 2010ರಾಗ ಶಿವನಿ ಹೂವು. 2014ರಾಗ ಮತ್ತಿ ಹೊಸಾ ಎಲಿ. 2018ರಾಗ ಕಕ್ಕಿ — ನಾ "ಅರ್ಧಾ ಹೂವು" ಅಂತ ಬರದೇನಿ, ಫೋಟೋದಾಗೂ ಅರ್ಧಾನ, ಬಡಗಣ ಟೊಂಗಿ ಬೋಳು. ಬಂದೇಸಾಬ ಸ್ಟುಡಿಯೋದಾಗ ಪೇಢೆ ಹಂಚಿದನಂತ.

ಮಣ್ಣಿನ ಕೈಲೇ ಅತ್ತೆ. ನಗೂನೂ ಬಂತು. ಗುತ್ತೆಪ್ಪಗ ಫೋನ್ ಹಚ್ಚಿದೆ, ಟೆಂಪೋ ಬಿಟ್ಟು ಬರಲೇನು ಅಂದ. ಏನೂ ಆಗಿಲ್ಲ ಮಾರಾಯಾ, ಛಲೋ ಸುದ್ದಿ ಅಂದೆ.

ಸಂಜೀ 5

ಮತ್ತ ಫೋನ್ ಬಂತು. ಉಳದ ಮೂರಂದು.

ಮೂರೂ ಒಂದ ವಾರದ್ದಂತ. ಬಿಡಿ ಬಿಡಿ ಇದ್ದಿದ್ರ ಕೈತಪ್ಪು ಅಂತ ಬಿಡ್ತಿದ್ರಂತ. ಒಂದ ವಾರದಾಗ ಮೂರು ಗಿಡ ತಪ್ಪಿದ್ರ ಆ ವಾರ ಪೂರಾ ಕುಂತು ಬರದಂಗ ಕಾಣತೈತಿ ಅಂದಾರ ಗೈಡ್ ಸರ್. ಹಿಂದಿನ ವಾರದ ಹಾಳಿ ಜೋಡಿ ತಾಳಿ ನೋಡ್ಯಾರ. ತೊಂಬತ್ತಕ್ಕ ತೊಂಬತ್ತೂ ಇಳಿಸಿದ್ದು.

"ಅಕ್ಕಾ, ಖರೇ ಹೇಳ್ರಿ. 2022ರ ಮೊದಲನೂ ಹಿಂಗ ಮಾಡ್ತಿದ್ರೇನು? ಹಂಗಿದ್ರ ಹದಿನೈದು ವರ್ಷಾನೂ ಹೋದಂಗರಿ."

"ಇಲ್ಲವಾ! ಒಂದ ದಿನನೂ ಇಲ್ಲ! ಯಾವ ವಾರ?"

"2013, ಏಪ್ರಿಲ್ ಹದಿನೈದು."

ನಾಳೆ ಹೇಳ್ತೇನಿ ಅಂತ ಫೋನ್ ಇಟ್ಟೆ.

ಮೇ 20, ಮುಂಜಾನೆ 11

2013ರ ಏಪ್ರಿಲ್ ಹದಿನೈದು ನಾ ಹಾನಗಲ್ಲಿನ್ಯಾಗ ಇರಲಿಲ್ಲ. ಹಾವೇರಿ ದವಾಖಾನ್ಯಾಗಿದ್ದೆ. ನಮ್ಮವ್ವ ಕರೆವ್ವನ ಕಡೀ ವಾರ ಅದು. ಶನಿವಾರ ಸೇರಿಸಿದ್ವಿ, ಗುರುವಾರ ತೀರಿಕೊಂಡ್ಲು.

ಆ ಹಾಳಿ ನಾ ಇವತ್ತಿನತನಕ ತಿರುವಿ ನೋಡಿಲ್ಲ. ಖಾಲಿ ಇರತೈತಿ ಅಂದ್ಕೊಂಡಿದ್ದೆ. ಖಾಲಿ ಹಾಳಿ ನೋಡಿದ್ರ ಅವ್ವ ನೆನಪಾಗ್ತಾಳಂತ ನೋಡಲಿಲ್ಲ.

ಆಫೀಸಿಗೆ ಹೋಗಿ ಸಾಹೇಬ್ರ ಕಡೆ ಕೀಲಿ ಬೇಡಿದೆ. ಮಾರಿ ನೋಡಿ ಸುಮ್ಮನ ಕೊಟ್ರು. 2013 ತಗದೆ. ಏಪ್ರಿಲ್ 15. ತುಂಬೇತಿ. ತೊಂಬತ್ತೂ ಗಿಡ. ಅಕ್ಷರ ನನ್ನಂಗ ದುಂಡಗ ಬರಿಯಾಕ ನೋಡ್ಯಾನ, ಬಂದಿಲ್ಲ. ಒತ್ತಿ ಒತ್ತಿ ಬರದು ಹಾಳಿ ಹಿಂದ ಮೂಡೇತಿ. ನಾಲ್ಕನೇತ್ತಾ ಕಲತ ಮಾಳಪ್ಪ ಕಾಕಾನ ಕೈ.

ಆಗ ನನ್ನ ನೌಕರಿ ಕಾಯಂ ಆಗಿರಲಿಲ್ಲ. ಆಗಿದ್ದ ಸಾಹೇಬ ಕೆಟ್ಟ ಮನಶ್ಯಾ, ರಿಜಿಸ್ಟರ್ ಖಾಲಿ ಕಂಡ್ರ ಬ್ಯಾರೆದಾಕಿನ ತಗೋತೇನಿ ಅಂತ ಆ ತಿಂಗಳನ ಅಂದಿದ್ದ. ಅದಕ್ಕ ತುಂಬ್ಯಾನ. ನನಗ ಹೇಳಲೂ ಇಲ್ಲ ಜೀವ ಇರೂತನಕ.

ಮಧ್ಯಾಹ್ನ 2

ಪಾಕೀಟು ತುಂಬಾಕ ಮನಸ್ಸಿಲ್ಲ. ಅದನ್ನ ಇದನ್ನ ವಿಚಾರ ಮಾಡಾಕತ್ತೇನಿ.

ನಾನ ಬರದೆ ಅಂದ್ರ ಹದಿನೈದು ವರ್ಷ ಹೋತು. ಕಾಕಾ ಬರದ ಅಂದ್ರ ವರ್ಷ ಉಳಿತಾವ, ಕಾಕಾ ಹೋದ. ಧನ್ಯವಾದದ ಹಾಳ್ಯಾಗ ಅಂವನ ಹೆಸರು ಹಾಕು ಅಂತ ನಾನ ಬೇಡಿಕೊಂಡೇನಿ. ಈಗ ನಾನ ಬಾಯಿ ಬಿಟ್ಟು, ಅಂವನೂ ಸುಳ್ಳು ಬರದಾಂವ ಅನ್ನೂದು? ಸತ್ತ ಮನಶ್ಯಾ ಬಂದು ತನ್ನ ಮಾತು ಹೇಳಂಗಿಲ್ಲ.

ಸಿಟ್ಟೂ ಬಂದೇತಿ ಅಂವನ ಮ್ಯಾಲ. ನನಗ ಅಷ್ಟು ಕಟ್ಟುನಿಟ್ಟು ಹೇಳಿ. ಖಾಲಿ ಬಿಡೋ ಮಾರಾಯಾ, ನೌಕರಿ ಹೋದ್ರ ಹೋಗ್ತಿತ್ತು.

ಹೋಗ್ತಿತ್ತೇನು? ಹೋಗಿದ್ರ ಈ ಹದಿನೈದು ವರ್ಷನ ಇರ್ತಿದ್ದಿಲ್ಲ.

ಮೇ 21, ಬುಧವಾರ. ಮುಂಜಾನೆ 10

ಫೋನ್ ಮಾಡಿದೆ. ಹೇಳಿದೆ. ಸುತ್ತಿ ಬಳಸಲಿಲ್ಲ.

"ಆ ವಾರ ನಾ ಇರಲಿಲ್ಲವಾ. ಅದು ನನ್ನ ಕೈ ಅಲ್ಲ. ಇಲ್ಲಿ ಬಂದಾಗ ಹಾಳಿ ತಿರುವಿ ಹಿಂದ ಮುಟ್ಟಿ ನೋಡು, ಗೊತ್ತಾಗತೈತಿ. ಮಾಳಪ್ಪ ಕಾಕಾ ಬರದಾನ."

 ಆಕಿ ಮೆತ್ತಗ, ಆ ಒಂದು ವಾರ ತಗದು ಹಾಕ್ತೀನ್ರಿ, ಉಳದದ್ದು ನಿಲ್ತದ ಅಂದ್ಲು. ಕೈ ಬ್ಯಾರೆ ಅಂತ ಸರ್‌ಗೆ ತೋರಿಸಿದ್ರ ಒಪ್ತಾರ ಅಂದ್ಲು. ಹದಿನೈದು ವರ್ಷ ನಿಂತ್ವು ಅಕ್ಕಾ ಅಂದ್ಲು.

ಸಂತೋಷ ಆಗಬೇಕಿತ್ತು. ಆತು. ಎದಿ ಹಗುರಾತು, ಮತ್ತ ಅಷ್ಟ ಭಾರಾತು.

"ಮಾಳಪ್ಪನವರು ಮ್ಯಾಲೆ ಹೋಗಿ, ಸರಿ ನೋಡಲಿಲ್ಲೇನ್ರಿ?" ಅಂತ ಕೇಳಿದ್ಲು.

"ಹೋಗೇ ಇಲ್ಲ."

"ಯಾಕ್ರಿ? ಅವರು ಒಂದ ಸಲನೂ ತಪ್ಪಿಸಿದವರಲ್ಲ ಅಂತಿದ್ರಿ."

ಆಗ ಹೊಳೀತು ನನಗ. ಹನ್ನೆರಡು ವರ್ಷದ ಮ್ಯಾಲ, ಫೋನ್ ಹಿಡಕೊಂಡು, ನರ್ಸರಿ ನಡುವ ನಿಂತು. ಆ ಸೋಮವಾರ ಅಂವ ಗಿಡದ ಕಡೆ ಎಲ್ಲಿ ಹೋಗಬೇಕು? ಗುತ್ತೆಪ್ಪ ಆಗ ಪುಣೆ ಕಡೆ ದುಡಿಯಾಕ ಹೋಗಿದ್ದ. ಅವ್ವನ ಸ್ಟ್ರೆಚರ್‌ದ ಆ ಕಡೆ ಹಿಡದಾಂವ ಕಾಕಾ. ರಕ್ತ ಕೊಟ್ಟಾಂವ ಕಾಕಾ. ಶನಿವಾರದಿಂದ ಗುರುವಾರತನಕ ವಾರ್ಡಿನ ಹೊರಗ, ತಲಿಗೆ ಟಾವೆಲ್ ಸುತ್ತಿ, ನೆಲದ ಮ್ಯಾಲ ಕುಂತಾಂವ. ನಿನ್ನ ಗಿಡ ಯಾರು ನೋಡ್ತಾರ ಕಾಕಾ ಅಂದ್ರ, ಅವು ಎಲ್ಲಿ ಓಡಿ ಹೋಗ್ತಾವ ಅಂದಿದ್ದ.

ಮೃಣಾಲಿನಿಗೆ ಇದೆಲ್ಲಾ ಹೇಳಿದೆ. ಹೆಸರು ಇಡ್ಲೇನ್ರಿ ಅಕ್ಕಾ, ತಗೀಲೇನ್ರಿ ಅಂತ ಕೇಳಿದ್ಲು. ಇಡು ಅಂದೆ. ಆ ವಾರ ಅಂವ ಎಲ್ಲಿದ್ದ ಅನ್ನೂದನ್ನೂ ಒಂದು ಸಾಲಿನ್ಯಾಗ ಬರೀವಾ, ನಮ್ಮವ್ವನ ವಾರ್ಡಿನ ಹೊರಗ, ನೆಲದ ಮ್ಯಾಲ ಕುಂತಿದ್ದ ಅಂತ.